ಪೈಲ್ವಾನನ ಮೊಳೆ

ಅವ್ವಾ, ಬದುಕಿದ್ದಾಗಲೇ ನಿನಗೆ ಓದು ಬರುತ್ತಿರಲಿಲ್ಲ. ಆದರೂ ಹೊಟ್ಟೆ ಉರಿದು ಬರೆಯುತ್ತಿದ್ದೇನೆ.

ಭಾರ ಎತ್ತುವ ಪಂದ್ಯ ಗೆದ್ದ ನನ್ನ ಮೊಮ್ಮಗಳು ವಂಶದ ಬೇರು ಹುಡುಕಿ, ಇವತ್ತು ಯಾವನೋ ಹಳೇ ಪೈಲ್ವಾನನ ಫೋಟೋ ಗೋಡೆಗೆ ನೇತುಹಾಕಿದಳು.

"ತಾತನ ಕಡೆಯವ್ರಂತೆ ಅಜ್ಜೀ. ನನ್ನ ತೋಳು ನೋಡು, ಥೇಟ್ ಇವ್ರದೇ!"

"ನಿಮ್ಮ ತಾತ ಬಕೆಟ್ ಎತ್ತಿದ್ರೆ ಸೊಂಟ ಹಿಡ್ಕೊಳ್ತಿತ್ತು ಕಣೇ. ನಮ್ಮವ್ವ, ನಾನು ಹೊಟ್ಟೇಲಿದ್ದಾಗ್ಲೂ ಗೋದಾಮಲ್ಲಿ ಮೂಟೆ ಹೊತ್ತೋಳು."

"ಹಾಗಾದ್ರೆ ಅವರ ಫೋಟೋ ಕೊಡು, ಅದನ್ನೂ ಹಾಕ್ತೀನಿ."

ಎಲ್ಲಿಂದ ತರಲಿ? ಗೋದಾಮಿನ ಧಣಿ ತನ್ನ ನಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಫೋಟೋ ತೆಗೆಸಿದ, ನಿನಗೆ ಆಚೆ ಸರಿ ಎಂದ. ನೀನೂ ಸರಿದೆಯಲ್ಲ!

ಮೂಟೆಯಡಿ ನೀನು ತಲೆಗಿಟ್ಟುಕೊಳ್ಳುತ್ತಿದ್ದ ಬಟ್ಟೆಯ ಸಿಂಬಿ ಪೆಟ್ಟಿಗೆಯಲ್ಲಿತ್ತು. ನಿನ್ನ ನೆತ್ತಿ ಒತ್ತಿದ ತಗ್ಗು ಹಾಗೇ ಇದೆ. ಪೈಲ್ವಾನನನ್ನು ಇಳಿಸಿ, ಅದೇ ಮೊಳೆಗೆ ನಿನ್ನ ಸಿಂಬಿ ಸಿಕ್ಕಿಸಿದ್ದೇನೆ. ಯಾವಳು ತೆಗೆಯುತ್ತಾಳೋ ನೋಡುತ್ತೇನೆ.