ಭಾನುವಾರ ಯಾರೂ ಜಾರುವುದಿಲ್ಲ

ಜೂನ್ 3, ಸೋಮವಾರ

ಮೇ ತಿಂಗಳ ಫ್ರ್ಯಾಕ್ಚರ್ ಪಟ್ಟಿ ಮುಗಿಸಿದೆ. ಕ್ಯಾಶುಯಾಲ್ಟಿ ರಿಜಿಸ್ಟರಿನಿಂದ ಕಂಪ್ಯೂಟರಿಗೆ, ತಿಂಗಳು ತಿಂಗಳೂ ಇದೇ. ರಜೆಯಲ್ಲಿ ಬಿದ್ದ ಮಕ್ಕಳ ಮೊಣಕೈ. ಸ್ಕೂಟರ್ ಹುಡುಗರ ಕಾಲರ್ ಬೋನ್. ಅಜ್ಜಿಯರ ಮಣಿಕಟ್ಟು, ಸೊಂಟ. ವಯಸ್ಸಿಗೊಂದು ಮೂಳೆ.

ಒಂದು ಸಾಲು ಮಾತ್ರ ಕಣ್ಣಿಗೆ ಚುಚ್ಚಿತು. ಹೆಂಗಸು, ಮೂವತ್ತೆರಡು. ಬಲಗೈ ಬೆರಳ ತುದಿ ಜಜ್ಜಿ ಮುರಿದಿದೆ. ಕಾರಣ: 'ಬಾತ್‌ರೂಮಿನಲ್ಲಿ ಜಾರಿ ಬಿದ್ದು.' ಜಾರಿದವರು ಅಂಗೈ ಊರುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಬೆರಳ ತುದಿ ಜಜ್ಜುವುದು ಹೇಗೆ? ಹಳೆಯ ಪಟ್ಟಿಗಳನ್ನು ತೆಗೆದೆ. ಎರಡು ವರ್ಷದಲ್ಲಿ ಹನ್ನೊಂದು ಹೆಂಗಸರು. ಅದೇ ಬೆರಳುಗಳು, ಅದೇ ಬಾತ್‌ರೂಮು. ಎಲ್ಲವೂ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ. ಕರೆತಂದವರು: ಅಂಜನಮೂರ್ತಿ, ಸೂಪರ್‌ವೈಸರ್. ಕೆ.ಆರ್. ಪುರದ ಆಚೆ ಡಬ್ಬಿ ಮುಚ್ಚಳ ಮಾಡುವ ಕಾರ್ಖಾನೆ.

ಭಾನುವಾರ ಒಬ್ಬಳೂ ಜಾರಿಲ್ಲ. ಬಾತ್‌ರೂಮಿಗೂ ವಾರದ ರಜೆಯೇ?

ಹನ್ನೊಂದನ್ನೂ ಟೈಪ್ ಮಾಡಿದವಳು ನಾನೇ. ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್. ಥೂ.

ಜೂನ್ 4

ಕ್ಯಾಶುಯಾಲ್ಟಿಯ ಡಾ. ವಿರೂಪಾಕ್ಷ ಅವರಿಗೆ ಪಟ್ಟಿ ತೋರಿಸಿದೆ.

"ಕರ್ಕೊಂಡ್ ಬಂದೋರು ಹೇಳಿದ್ದನ್ನ ಬರೀತೀವಿ ಮೇಡಮ್. ನಾವೇನ್ ಪೊಲೀಸಾ?"

"ಪೇಷೆಂಟ್‌ನ ಕೇಳ್ತೀರಾ?"

"ಅಳ್ತಿರ್ತಾರೆ. ಏನಂತ ಕೇಳೋದು?"

ಅಂದರೆ ಮೂಳೆ ಅವಳದು, ಮಾತು ಅವನದು. ಇಡೀ ಆಸ್ಪತ್ರೆಯ ಪದ್ಧತಿ ಇದು. ಇಷ್ಟು ವರ್ಷ ನನಗೂ ವಿಚಿತ್ರ ಅನ್ನಿಸಿರಲಿಲ್ಲ.

ಜೂನ್ 6, ಗುರುವಾರ, ಸಂಜೆ

ಎರಡು ಗಂಟೆಗೇ ಕ್ಯಾಶುಯಾಲ್ಟಿಗೆ ಹೋಗಿ, ಇವತ್ತು ನಾನೇ ಬರೆಯುತ್ತೇನೆಂದು ರಿಜಿಸ್ಟರ್ ತೆಗೆದುಕೊಂಡು ಕೂತೆ. ಮೂರಕ್ಕೆ ಕಾರ್ಖಾನೆಯ ಬಿಳಿ ಓಮ್ನಿ ವ್ಯಾನು ಬಂತು. ಅಂಜನಮೂರ್ತಿ. ಹಿಂದೆ ಮುನಿಗಂಗಮ್ಮ, ನಲವತ್ತೊಂದು. ಕೈಗೆ ಸುತ್ತಿದ ಬಟ್ಟೆಯಲ್ಲಿ ರಕ್ತ, ಗ್ರೀಸು. ಕಂಪನಿ ಏಪ್ರನ್, ಎದೆಯ ಮೇಲೆ ನಂಬರ್ 14.

ಕೇಳಿದ್ದು ಅವಳನ್ನು. ಉತ್ತರ ಕೊಟ್ಟವನು ಅವನು.

"ಬಾತ್‌ರೂಮ್ ಮೇಡಮ್. ಸೋಪ್ ತುಳಿದ್ಬಿಟ್ಟವ್ರೆ."

"ಏಪ್ರನ್ ಹಾಕ್ಕೊಂಡು ಸ್ನಾನ ಮಾಡ್ತಿದ್ರಾ?"

ನಕ್ಕ. "ನೀವು ಓದ್ಕೊಂಡಿರೋರು ಮೇಡಮ್. ಬೇಗ ಬರ್ಕೊಳ್ಳಿ, ಪಾಪ ನೋವಲ್ಲವ್ರೆ."

ಎಕ್ಸ್‌ರೇ ಕೋಣೆಯೊಳಗೆ ಅವನನ್ನು ಬಿಡಲಿಲ್ಲ. ಬಾಗಿಲು ಹಾಕಿ ಕೇಳಿದೆ.

"ಮುಚ್ಚಳ ಒತ್ತೋ ಪ್ರೆಸ್ಸು ಕಣಮ್ಮಾ," ಅಂದಳು. "ಕೈಗೆ ಅಡ್ಡ ಒಂದು ಗಾರ್ಡ್ ಇತ್ತು, ಬಿಚ್ಚಾಕವ್ರೆ. ಇದ್ರೆ ಕೆಲ್ಸ ನಿಧಾನ. ನಾಕಕ್ಕೆ ಲಾರಿ ಲೋಡ್ ಆಗ್ಬೇಕು, ಊಟ ಆದ್ಮೇಲೆ ಒಂದೇ ಸಮ ಓಡುಸ್ತಾರೆ. ಆದ್ರೆ ನಿಮ್ ಕಾಲಿಗ್ ಬೀಳ್ತೀನಿ, ಬಾತ್‌ರೂಮ್ ಅಂತ್ಲೇ ಬರ್ಕೊಳ್ಳಿ. ಮಗ್ಳು ಭವ್ಯಾನೂ ಅಲ್ಲೇ ಪ್ಯಾಕಿಂಗಲ್ಲವ್ಳೆ. ಇಬ್ರುನ್ನೂ ತೆಗ್ದಾಕ್ತಾರೆ."

ಬರೆದೆ. 'ಬಾತ್‌ರೂಮಿನಲ್ಲಿ ಜಾರಿ ಬಿದ್ದು.' ಹನ್ನೆರಡು.

ಜೂನ್ 9, ಭಾನುವಾರ

ಕವನದ ಪುಸ್ತಕ ತೆರೆದೆ. ಹೂ ಕಟ್ಟುವ ಬೆರಳುಗಳ ಮೇಲೊಂದು ಪದ್ಯ. ಎಷ್ಟು ಸಲ ಮೆಚ್ಚಿಕೊಂಡು ಓದಿದ್ದೆ. ಈಗ ಓದಲು ನಾಚಿಕೆ. ಪುಸ್ತಕ ಎಸೆದೆ, ಕುರ್ಚಿಯ ಕೆಳಗೆ ಹೋಯಿತು. ತೆಗೆದುಕೊಳ್ಳಲಿಲ್ಲ. ಅವಳು ಹೆದರಿ ಹೇಳಿದಳು, ಸರಿ. ನಾನು ಯಾರಿಗೆ ಹೆದರಿ ಬರೆದೆ?

ಜೂನ್ 20, ಗುರುವಾರ, 1.50

ಹೊಲಿಗೆ ಬಿಚ್ಚಿಸಲು ಮುನಿಗಂಗಮ್ಮ ಒಬ್ಬಳೇ ಬಂದಿದ್ದಾಳೆ. ನೇರ ನನ್ನ ಟೇಬಲ್ಲಿಗೆ.

"ಬರ್ಕೊಳ್ಳಿ ಅಮ್ಮಾ. ಪ್ರೆಸ್ಸು ಅಂತ ಬರ್ಕೊಳ್ಳಿ."

"ಯಾಕೆ, ಏನಾಯ್ತು?"

"ಇವತ್ ಬೆಳಿಗ್ಗೆಯಿಂದ ನನ್ ಮಿಸಿನ್ನಿಗೆ ಭವ್ಯಾನ ಕೂರ್ಸವ್ರೆ."

ಅವಳ ಹೇಳಿಕೆ ಅವಳ ಮಾತಿನಲ್ಲೇ ಬರೆದುಕೊಂಡೆ. ಎಡಗೈ ಹೆಬ್ಬೆಟ್ಟು ಒತ್ತಿದಳು. ಹನ್ನೆರಡರ ಪಟ್ಟಿಯನ್ನೂ ಜೊತೆಗಿಟ್ಟು ಡಾಕ್ಟರ ಮುಂದೆ ಹಾಕಿದೆ. ವಿರೂಪಾಕ್ಷ ಎರಡು ಸಲ ಓದಿದರು. "ಇದು ಸ್ಟೇಷನ್ನಿಗೆ ಹೋದ್ರೆ ಮೇಲಿನೋರು ನನ್ನ ಬಿಡಲ್ಲ ಮೇಡಮ್" ಅಂದರು. ಆಮೇಲೆ ಸಹಿ ಹಾಕಿದರು.

2.20

ಭವ್ಯಳ ಫೋನು ಸ್ವಿಚ್ ಆಫ್. ಗೇಟಿನಲ್ಲೇ ಇಸ್ಕೊಂಡು ಇಟ್ಟುಕೊಳ್ಳುತ್ತಾರಂತೆ. ಗೇಟಿನವನಿಗೆ ಫೋನ್ ಮಾಡಿ ಹೇಳಿದೆ, ಅವಳಮ್ಮನಿಗೆ ಹುಷಾರಿಲ್ಲ, ಹೊರಗೆ ಕಳಿಸಿ. "ನಾಕ್ ಗಂಟೆ ಮೇಲೆ ಮಾಡ್ರೀ" — ಇಟ್ಟುಬಿಟ್ಟ. ಸ್ಟೇಷನ್ನಿಗೆ ಕಾಗದ ಹೋಗಿದೆ. ಯಾರೂ ಹೊರಟಂತಿಲ್ಲ.

ಮುನಿಗಂಗಮ್ಮನಿಗೆ ಗಡಿಯಾರ ನೋಡಲು ಬರುತ್ತದೆ. ನನ್ನ ಪಟ್ಟಿ ಓದಲು ಬರುವುದಿಲ್ಲ. ಎರಡರಿಂದ ನಾಲ್ಕು ಅಂತ ನಾನು ಅವಳಿಗೆ ಹೇಳಿಲ್ಲ.

2.50

ಆಟೊ ಹಿಡಿದು ನಾವೇ ಹೋಗುವುದೆಂದು ಎದ್ದೆವು. ಬಾಗಿಲ ತನಕ ಬಂದಿದ್ದೆವು.

ಓಮ್ನಿ.

ಅಂಜನಮೂರ್ತಿ ಇಳಿದ. ಹಿಂದಿನ ಬಾಗಿಲು ಎಳೆಯುತ್ತಾ ಆಗಲೇ ಶುರು ಮಾಡಿದ್ದಾನೆ, "ಬಾತ್‌ರೂಮ್ ಮೇಡಮ್..." ಮುನಿಗಂಗಮ್ಮ ಓಡಿದಳು. ಟೇಬಲ್ಲಿನಿಂದ ರಿಜಿಸ್ಟರ್ ಎತ್ತಿಕೊಂಡೆ. ಈ ಸಲ ಅವನನ್ನು ಕೇಳುವುದಿಲ್ಲ. ಒಳಗೆ ಕೂತಿರುವವಳು ಯಾರೇ ಆಗಿರಲಿ, ಮೊದಲು ಅವಳನ್ನು—