ಕೈ ಎತ್ತದವನು

ಮಾರ್ಚ್ ೧೧, ಮಂಗಳವಾರ

ಚಹಾ ಅಂಗಡಿ ಅಜ್ಜಿಯ ಮಾತು ಇನ್ನೂ ಕಿವಿಯಲ್ಲೇ ಇದೆ.

ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಗಳನ್ನು ಬೆಳಿಗ್ಗೆ ಕೆಡವಿಸಿದರು. ಕಳೆದ ವಾರ ಪುರಸಭೆಯಲ್ಲಿ ಈ ವಿಷಯ ಬಂದಾಗ ನನ್ನೊಬ್ಬನನ್ನು ಬಿಟ್ಟು ಎಲ್ಲ ಸದಸ್ಯರೂ ಒಪ್ಪಿ ಕೈ ಎತ್ತಿದ್ದರು. ಅಧ್ಯಕ್ಷರು ನಗುತ್ತಾ, "ಪೊಲೀಸ್ ಆಗಿದ್ದವ್ರು ನೀವೇ ಹೀಗೆ ಕರಗಿದ್ರೆ ಹೇಗೆ ಸಾಹೇಬ್ರೆ?" ಎಂದಿದ್ದರು.

ಇವತ್ತು ಮನಸ್ಸು ತಡೆಯದೆ ಅಲ್ಲಿಗೆ ಹೋದೆ. ಹೋಗಬಾರದಿತ್ತು. ಬಂದೋಬಸ್ತಿಗೆ ನಿಂತಿದ್ದ ಇನ್ಸ್‌ಪೆಕ್ಟರ್ ನನ್ನ ಕೈಕೆಳಗೆ ಪಳಗಿದವನು. ಹಳೆಯ ಅಭ್ಯಾಸ, ಎಲ್ಲರೆದುರು ಸೆಲ್ಯೂಟ್ ಹೊಡೆದ. ಅದನ್ನು ನೋಡಿದ ಅಜ್ಜಿ ನಜ್ಜುಗುಜ್ಜಾದ ಕೆಟಲ್ ಹಿಡಿದುಕೊಂಡು ನೇರ ನನ್ನ ಮುಂದೆ ಬಂದಳು.

"ಖಾಕಿ ಬಿಚ್ಚಿದ್ರೂ ಬುದ್ಧಿ ಬಿಡ್ಲಿಲ್ಲ ನೀನು. ಓಟು ಹಾಕಿದ್ದಕ್ಕೆ ಒಳ್ಳೇ ಉಪಕಾರ ಮಾಡ್ದೆಯಪ್ಪಾ."

"ನಾನು ಬೇಡ ಅಂತಾನೇ ಹೇಳಿದ್ದೆ ತಾಯಿ."

"ಮತ್ತೆ ಅವ್ನು ನಿಂಗ್ಯಾಕೆ ಸಲಾಮು ಹೊಡೆದ?"

ಬಂದ ದಾರಿಯಲ್ಲೇ ಮನೆಗೆ ನಡೆದೆ.

ಊಟಕ್ಕೆ ಕೂತಾಗ ಇವಳಿಗೆ ಹೇಳಿದೆ. "ರಾಜೀನಾಮೆ ಬಿಸಾಕಿ ಬನ್ನಿ, ಈ ವಯಸ್ಸಲ್ಲಿ ಯಾಕೆ ಬೇಕು?" ಎಂದಳು. ನಾನೂ ಬಿಟ್ಟರೆ ಅಲ್ಲಿ ಬೇಡವೆನ್ನಲು ಒಬ್ಬನೂ ಉಳಿಯುವುದಿಲ್ಲ. ಇದ್ದು ಏನು ಕಡಿದು ಹಾಕಿದೆನೋ, ಅದೂ ತಿಳಿಯದು.

ನಾಳಿದ್ದು ಅದೇ ಜಾಗದಲ್ಲಿ ಹೊಸ ಮಳಿಗೆಗಳಿಗೆ ಅಡಿಗಲ್ಲು. ಕಲ್ಲಿನ ಮೇಲೆ ವಾರ್ಡ್ ಸದಸ್ಯನೆಂದು ನನ್ನ ಹೆಸರನ್ನೂ ಕೆತ್ತಿಸಿದ್ದಾರಂತೆ. ನಾನು ಹೋಗದಿದ್ದರೂ ಹೆಸರು ಅಲ್ಲೇ ಇರುತ್ತದೆ. ಅಜ್ಜಿಗೆ ಓದಲು ಬರದಿರಲಿ ಎಂದು ಬಯಸುತ್ತಿದ್ದೇನೆ. ಎಂಥ ನೀಚ ಬಯಕೆ. ಸಾಕು, ಕಣ್ಣು ಎಳೆಯುತ್ತಿದೆ.