ಹುಳವಿಲ್ಲದ ಚಿಟ್ಟೆ ಪಾರ್ಕ್

ನ್ಯೂ ಟೌನ್, ಭದ್ರಾವತಿ
12 ಅಕ್ಟೋಬರ್ 2024

ಪ್ರೀತಿಯ ಮಾನಸಾ,

ಇಂಬಳ ಕಚ್ಚಿ ರಕ್ತ ಹೀರಿದ ಕಡೆ ಕೆರೆದು ಹುಣ್ಣಾಗಿತ್ತಲ್ಲ, ಮಾಯಿತೇ? ನಿಮ್ಮ ಚಿಟ್ಟೆ ಅಧ್ಯಯನದ ಕಾಡಿನ ಕ್ಯಾಂಪಿನಲ್ಲಿ ಬಿಸಿನೀರಾದರೂ ಸಿಗುತ್ತದೆಯೇ? ನಾನು ಚೆನ್ನಾಗಿದ್ದೇನೆ. ನಿನ್ನ ಅಪ್ಪ ನನಗಿಂತ ಚೆನ್ನಾಗಿದ್ದಾರೆ; ನಿವಾಸಿಗಳ ಸಂಘದ ಅಧ್ಯಕ್ಷರಾದ ಮೇಲೆ ಮಂಡಿನೋವು ಕೂಡ ಇಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ಅವರು ಪಕ್ಕದಲ್ಲೇ ನಿಂತಿರುತ್ತಾರೆ, ಅದಕ್ಕೇ ಈ ಪತ್ರ.

ನಮ್ಮ ಕ್ವಾರ್ಟರ್ಸ್ ಹಿಂದಿನ ಖಾಲಿ ಜಾಗ, ನೀನು ಕಾಲೇಜಿನ ದಿನಗಳಿಂದ ಚಿಟ್ಟೆ ನೋಡುತ್ತಿದ್ದ ಜಾಗ, ಈಗ ‘ಚಿಟ್ಟೆ ಪಾರ್ಕ್’ ಆಗಿದೆ. ನಿನಗೆ ಸಂತೋಷವಾಗಲಿ ಎಂದೇ ಅಪ್ಪ ಮಾಡಿಸಿದ್ದು, ಅದರಲ್ಲಿ ಸುಳ್ಳಿಲ್ಲ. ಜೆಸಿಬಿ ಬಂದು ಲಂಟಾನ ಕಿತ್ತಿತು, ಅದರ ಜೊತೆಗೆ ಎಕ್ಕ, ಕಾಡುನಿಂಬೆ, ಎಲ್ಲವನ್ನೂ. ಈಗ ಹುಲ್ಲುಹಾಸು, ನರ್ಸರಿಯ ಹೂಗಿಡಗಳು, ನಡುವೆ ಸಿಮೆಂಟಿನ ಒಂದು ಚಿಟ್ಟೆ. ಅದರ ಕಣ್ಣಿಗೆ ರೆಪ್ಪೆಯನ್ನೂ ಬರೆದಿದ್ದಾರೆ.

ಬೇಲಿಯ ಮೇಲೆ ಮಾತ್ರ ಒಂದಿಷ್ಟು ಈಶ್ವರಿ ಬಳ್ಳಿ ಉಳಿದಿತ್ತು. ಕೆಂಪು ಮೈಯ ಆ ಕಪ್ಪು ಚಿಟ್ಟೆ ಬೇರೆ ಗಿಡದಲ್ಲಿ ಮೊಟ್ಟೆ ಇಡುವುದಿಲ್ಲ ಎಂದು ನೀನೇ ತೋರಿಸಿಕೊಟ್ಟಿದ್ದೆ. ಕಳೆದ ವಾರ ಬಳ್ಳಿಯ ತುಂಬ ಹುಳ. ಜೋಕಾಲಿಯಲ್ಲಿ ಕೂತ ಮಗುವಿನ ಮೇಲೆ ಒಂದು ಬಿತ್ತಂತೆ. ಎದುರು ಮನೆಯ ಜನಾರ್ದನ, “ಕಂಬಳಿಹುಳ ಸಾರ್, ಮೈಯೆಲ್ಲ ಕಡಿತ ಬರುತ್ತೆ” ಎಂದರು. ಇದು ಕಂಬಳಿಹುಳವಲ್ಲ, ಕಡಿತ ಬರಿಸುವ ರೋಮ ಇದಕ್ಕಿಲ್ಲ ಎಂದು ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದೆ. ಅಪ್ಪ ಎಲ್ಲರೆದುರು, “ಚಿಟ್ಟೆ ಪಾರ್ಕಲ್ಲಿ ಹುಳ ಇಟ್ಕೊಂಡ್ರೆ ಯಾರು ಬರ್ತಾರೆ ಮಾರಾಯ್ತಿ? ಅದಕ್ಕೂ ಒಂದು ಶಾಲು ಹೊದಿಸೋಣ್ವಾ?” ಎಂದರು. ಎಲ್ಲರೂ ನಕ್ಕರು. ಮರುದಿನ ಬೆಳಿಗ್ಗೆ ಔಷಧಿ ಹೊಡೆಸಿ, ಬಳ್ಳಿಯನ್ನೂ ಕೀಳಿಸಿದರು. ಉದುರಿದ್ದನ್ನು ಗುಡಿಸಿ ಬಕೆಟ್ಟಿಗೆ ತುಂಬುವಾಗ ಜನಾರ್ದನ ನನ್ನನ್ನು ಕರೆದು, “ನೋಡಿ ಮೇಡಂ, ಎಷ್ಟಿದ್ವು!” ಎಂದರು. ಈ ತಿಂಗಳು ಚಿಟ್ಟೆಯಾಗಿ ಹಾರಬೇಕಾದವು ಅವೇ.

ಅದೇ ಸಂಜೆ ಅಪ್ಪ ಮಲವಗೊಪ್ಪದ ನರ್ಸರಿಯವರಿಗೆ ಫೋನ್ ಮಾಡಿ, ಇಷ್ಟು ಹೂವಿದ್ದರೂ ಚಿಟ್ಟೆ ಯಾಕೆ ಬರುತ್ತಿಲ್ಲ ಎಂದು ಜಗಳವಾಡಿದರು. ನಾನು ಒಳಗೆ ಅನ್ನ ಬಸಿಯುತ್ತಿದ್ದೆ.

ಹಳ್ಳ ದಾಟುವಾಗ ಜೊತೆಗೆ ಯಾರಾದರೂ ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ಅಮ್ಮ,
ಶ್ರೀಗೌರಿ

ತಾ.ಕ.: ಉದ್ಘಾಟನೆ ಮುಂದಿನ ಭಾನುವಾರ. ಆಹ್ವಾನ ಪತ್ರಿಕೆಯಲ್ಲಿ ಮುಖ್ಯ ಅತಿಥಿ ಎಂದು ನಿನ್ನ ಹೆಸರೇ ಅಚ್ಚಾಗಿದೆ. ಅಪ್ಪ ನಿನ್ನನ್ನು ಇನ್ನೂ ಕೇಳಿಲ್ಲ. ಮರುದಿನವೇ ‘ಎರಡನೇ ಹಂತ’ ಎಂದು ನಾಲೆ ಏರಿಗೆ ಜೆಸಿಬಿ ಬರುತ್ತದೆ. ಈಶ್ವರಿ ಬಳ್ಳಿ ಉಳಿದಿರುವುದು ಇನ್ನು ಅಲ್ಲಿ ಮಾತ್ರ. ನಾನು ಹೇಳಿದರೆ ಅವರಿಗೆ ನಗು. ಎಲ್ಲರೆದುರು ನೀನು ಹೇಳಿದರೆ ನಿಲ್ಲಿಸಲೇಬೇಕಾಗುತ್ತದೆ. ಬಾ. ಮೈಕು ಕೈಗೆ ಬಂದಾಗ ಅಪ್ಪನ ಮುಖ ನೋಡಬೇಡ; ನೋಡಿದರೆ ಹೇಳಲಾರೆ.